ಮುಳ್ಳು ತಿರುಗಿದ ಕಡೆ

"ಹಜರತ್, ದೇವರ ಹೆಸರು ಹೇಳಿ ಮನುಷ್ಯರನ್ನು ಕೊಲ್ಲುವವರು ಎಲ್ಲಿಂದ ಹುಟ್ಟುತ್ತಾರೆ?" ಎಂದು ದಸ್ತಗೀರ ಕೇಳಿದ.

ಕೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ. ಕುಳಿತ ಚಾಪೆಯ ಎಳೆಯೊಂದನ್ನು ಕೀಳುತ್ತಿದ್ದ. ದಸ್ತಗೀರನದು ಪೇಟೆಯಲ್ಲಿ ಬಳೆ ಅಂಗಡಿ. ಅವನ ಪಕ್ಕದ ಮನೆಯ ದರ್ಜಿ ಮಕ್ತುಮಸಾಬನ ಮಗ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ ಬಂದೂಕು ಹಿಡಿದವರ ಗುಂಪು ಸೇರಿದ್ದ. ಆ ಗುಂಪು ದೂರದ ಊರಿನ ಸಂತೆಯಲ್ಲಿ ಬಾಂಬಿಟ್ಟಿತು. ಪತ್ರಿಕೆಯಲ್ಲಿ ಆ ಹುಡುಗನ ಫೋಟೋ ಬಂತು. ಅವತ್ತಿನಿಂದ ಅಂಗಡಿಗೆ ಬಂದವರು ಬಳೆ ನೋಡುವ ಮೊದಲು ದಸ್ತಗೀರನ ಮುಖ ನೋಡತೊಡಗಿದರು. ಹಳೆಯ ಗಿರಾಕಿಯೊಬ್ಬ "ನಿಮ್ಮವನೇ ಅಂತಲ್ಲ?" ಎಂದು ಕೇಳಿಯೂ ಬಿಟ್ಟ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ.

ಇವತ್ತು ಬೆಳಗಿನ ನಮಾಜಿಗೆ ಮಕ್ತುಮಸಾಬ ಎಂದಿನಂತೆ ಬಂದು ಅವನ ಪಕ್ಕದಲ್ಲೇ ನಿಂತ. ನಮಾಜಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಬೇಕು. ದಸ್ತಗೀರ ಮೆಲ್ಲಗೆ ಆಚೆ ಸರಿದ. ಅವನನ್ನು ನೋಡಿ ಆ ಕಡೆಯವನೂ ಸರಿದ. ಮುದುಕ ಸಾಲಿನ ನಡುವೆ ಒಂಟಿಯಾಗಿ ನಿಂತು ನಮಾಜು ಮುಗಿಸಿ, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದೆ ನಿಂತು ನಮಾಜು ಮಾಡಿಸಿದವರು ಗುರುಗಳೇ. ಬೆನ್ನು ಮಾಡಿ ನಿಂತವರಿಗೆ ಏನು ಕಂಡೀತು ಎಂದು ದಸ್ತಗೀರ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ಅವರು ನಮ್ಮವರೇ ಅಲ್ಲ ಎಂದು ನಿಮ್ಮ ಬಾಯಿಂದ ಒಂದು ಮಾತು ಬಂದರೆ ಸಾಕು ಹಜರತ್. ಪೇಟೆಯಲ್ಲಿ ತಲೆಯೆತ್ತಿ ಕೂರುತ್ತೇನೆ."

"ತಲೆಯೆತ್ತುವುದಕ್ಕೆ ನನ್ನ ಮಾತು ಯಾಕಪ್ಪ? ಕುತ್ತಿಗೆ ಸಾಲದೇ?" ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಊರು. ಪರದೇಶದ ದಂಡು ಅದನ್ನು ಗೆದ್ದು ಕೋಟೆಯಲ್ಲಿ ಕೂತಿತ್ತು. ಊರಿನ ನವಾಬ ಗೆದ್ದವರ ಪಂಕ್ತಿಯಲ್ಲೇ ಕೂತು ಉಣ್ಣುತ್ತಿದ್ದ. ಆ ಊರಿನಲ್ಲಿ ಒಬ್ಬ ಪಿಂಜಾರನಿದ್ದ. ಹತ್ತಿ ಹಿಂಜಿ ಹಾಸಿಗೆ ತುಂಬುವುದು ಅವನ ಕಸುಬು.

ಒಂದು ದಿನ ಅವನು ಹತ್ತಿಯ ಮೂಟೆ ಹೊತ್ತು ಕೋಟೆ ಬಾಗಿಲು ದಾಟುತ್ತಿದ್ದ. ಕಾವಲಿನ ಸಿಪಾಯಿ ಬಂದೂಕಿನ ತುದಿಯಿಂದ ಅವನ ರುಮಾಲನ್ನು ಎತ್ತಿ ನೆಲಕ್ಕೆ ಕೆಡವಿದ. ಯಾಕೆ ಎಂದರೆ ಸಿಪಾಯಿಗೂ ಗೊತ್ತಿಲ್ಲ, ಹೊತ್ತು ಹೋಗುತ್ತಿರಲಿಲ್ಲ ಅಷ್ಟೆ. ಅಲ್ಲಿದ್ದವರೆಲ್ಲ ನಕ್ಕರು. ನಕ್ಕವರಲ್ಲಿ ಪಿಂಜಾರನ ಕೇರಿಯವರೂ ಇದ್ದರು. ಪಿಂಜಾರ ಬಗ್ಗಿ ರುಮಾಲು ಎತ್ತಿಕೊಂಡು, ಸಿಪಾಯಿಗೆ ಸಲಾಮು ಮಾಡಿ ಮನೆಗೆ ಬಂದ.

ರುಮಾಲು ಬಿದ್ದದ್ದನ್ನು ಅವನು ಮರೆಯಬಹುದಿತ್ತು. ತಾನು ಮಾಡಿದ ಸಲಾಮನ್ನು ಮರೆಯಲಾಗಲಿಲ್ಲ. ಉಂಡ ಅನ್ನ ಮೈಗೆ ಹತ್ತಲಿಲ್ಲ. ಏನಾಯಿತೆಂದು ಕೇಳಿದ ಹೆಂಡತಿಯ ಮೇಲೆ ಹರಿಹಾಯ್ದ. ಹತ್ತಿ ಹಿಂಜುವ ಬಿಲ್ಲನ್ನು ತಂತಿ ಕಿತ್ತುಹೋಗುವ ಹಾಗೆ ಬಾರಿಸಿದ.

ಆಗ ಊರಿಗೆ ಒಬ್ಬ ಅತ್ತರಿನ ವ್ಯಾಪಾರಿ ಬಂದ. ಓದಿಕೊಂಡವನು, ದೇಶ ಸುತ್ತಿದವನು. ನವಾಬನ ಅನ್ಯಾಯವನ್ನು ಎದುರಿಗೇ ಎತ್ತಿ ಆಡಿದ್ದಕ್ಕೆ ಹಿಂದೊಮ್ಮೆ ಸೆರೆಮನೆಯಲ್ಲಿ ಮೈಮುರಿಯೆ ಏಟು ತಿಂದಿದ್ದ. ಪಿಂಜಾರನ ಕತೆ ಕೇಳಿ ಅವನು ನಗಲಿಲ್ಲ. ಅದಕ್ಕೇ ಪಿಂಜಾರ ಅವನಿಗೆ ಸೋತುಹೋದ.

"ನಿನ್ನ ರುಮಾಲು ಕೆಡವಿದ್ದು ಸಿಪಾಯಿಯಲ್ಲ," ಎಂದ ವ್ಯಾಪಾರಿ. "ಒಂದು ಕಾಲಕ್ಕೆ ಅರ್ಧ ಲೋಕ ನಮ್ಮವರ ಮಾತು ಕೇಳುತ್ತಿತ್ತು. ಈಗ ಯಾಕೆ ಹೀಗಾಯಿತು? ನಮ್ಮ ನಮಾಜೇ ಕೆಟ್ಟಿದೆ. ನಿಮ್ಮ ಮಸೀದಿಯ ದಿಕ್ಕೇ ಸೊಟ್ಟಗಿದೆ." ಎಂದವನೇ ಚೀಲದಿಂದ ದಿಕ್ಸೂಚಿಯನ್ನು ತೆಗೆದು ಮಸೀದಿಯ ನೆಲದ ಮೇಲಿಟ್ಟು ತೋರಿಸಿದ. ಅವನು ಹೇಳಿದ್ದು ನಿಜ. ಹಿಂದಿನವರು ಸೂರ್ಯ ಮುಳುಗುವ ಕಡೆ ನೋಡಿ ಗೋಡೆ ಎಬ್ಬಿಸಿದ್ದರು. ಮೆಕ್ಕಾ ಇರುವ ದಿಕ್ಕಿಗೆ ಅದು ತುಸು ವಾರೆಯಾಗಿತ್ತು.

ಪಿಂಜಾರನ ಎದೆ ಹಗುರಾಯಿತು. ತನ್ನ ಅವಮಾನಕ್ಕೊಂದು ಕಾರಣ ಸಿಕ್ಕಿತ್ತು. ಆ ಕಾರಣ ಕೋಟೆಯಲ್ಲಿರಲಿಲ್ಲ, ಕೈಗೆಟಕುವಲ್ಲೇ ಇತ್ತು.

ಮಸೀದಿಯಲ್ಲಿ ಒಬ್ಬ ಮುದಿ ಇಮಾಮನಿದ್ದ. ಪಿಂಜಾರ ಹುಟ್ಟಿದಾಗ ಅವನ ಕಿವಿಯಲ್ಲಿ ಬಾಂಗು ಹೇಳಿದವನು, ಅಕ್ಷರ ತಿದ್ದಿಸಿದವನು ಅವನೇ. ಸಾಲಿನಲ್ಲಿ ನಡುವೆ ಜಾಗ ಬಿಡಬೇಡಿರೋ, ಅಲ್ಲಿ ಸೈತಾನ ಬಂದು ನಿಲ್ಲುತ್ತಾನೆ ಎಂದು ಎಳೆಯರನ್ನು ಹಿಡಿದೆಳೆದು ಒತ್ತೊತ್ತಾಗಿ ನಿಲ್ಲಿಸುತ್ತಿದ್ದವನು. ಇಮಾಮ ಮುಳ್ಳನ್ನು ನೋಡಿದ. "ಹೌದಪ್ಪ, ಕಟ್ಟಿದವರು ತಪ್ಪಿದ್ದಾರೆ," ಎಂದು ತನ್ನ ಚಾಪೆಯನ್ನು ತಾನೇ ತಿರುಗಿಸಿ ಹಾಸಿಕೊಂಡ. ಅಲ್ಲಿಗೆ ಮುಗಿಯಬೇಕಿತ್ತು.

ವ್ಯಾಪಾರಿಗೆ ಅಷ್ಟು ಸಾಲಲಿಲ್ಲ. ಸೊಟ್ಟ ನಿಂತವರ ನಮಾಜು ನಮಾಜಲ್ಲ, ಹಾಗೆಯೇ ನಮಾಜು ಮಾಡುತ್ತ ಬಂದು ಸತ್ತುಹೋದ ಹಿಂದಿನವರು ನಮ್ಮವರಲ್ಲ, ಹಾಗೆಂದು ಎಲ್ಲರೂ ಬಾಯಿಬಿಟ್ಟು ಹೇಳಬೇಕು ಎಂದ. ಪಿಂಜಾರನ ಅಪ್ಪ ಮಸೀದಿಯ ಹಿಂದೆಯೇ ಮಣ್ಣಾಗಿದ್ದ. ಎಲ್ಲರೂ ಪಿಂಜಾರನ ಬಾಯನ್ನೇ ನೋಡುತ್ತಿದ್ದರು. ಇನ್ನೊಮ್ಮೆ ನಾಲ್ಕು ಜನರೆದುರು ಸಣ್ಣವನಾಗಲು ಅವನು ತಯಾರಿರಲಿಲ್ಲ. ಅಪ್ಪ ನಮ್ಮವನಲ್ಲ ಎಂದುಬಿಟ್ಟ. ಅದೊಂದು ಮಾತು ಗಂಟಲು ದಾಟಿದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಇಮಾಮ ಮಾತ್ರ ಹೇಳಲಿಲ್ಲ. ಸತ್ತವರ ಲೆಕ್ಕ ಸತ್ತವರನ್ನು ಕರೆದುಕೊಂಡವನಿಗೆ ಬಿಡಿ ಎಂದ. ಹೇಳದವನೂ ನಮ್ಮವನಲ್ಲ ಎಂದಾಯಿತು. ಹೇಳದವನನ್ನು ನಮ್ಮವನಲ್ಲ ಎನ್ನಲು ಹಿಂಜರಿದವನೂ ನಮ್ಮವನಲ್ಲ ಎಂದಾಯಿತು. ದಿನ ಕಳೆದಂತೆ ಸಾಲು ತೆಳ್ಳಗಾಯಿತು. ಉಳಿದವರು ಕತ್ತಿ ಕೂಡಿಸಿದರು. ಕೋಟೆಯ ಮೇಲೆ ಏರಿ ಹೋಗುವ ಮಾತೇನೋ ಇತ್ತು. ಆದರೆ ಕೋಟೆಯಲ್ಲಿ ಫಿರಂಗಿಗಳಿದ್ದವು. ಮೊದಲು ಮನೆ ಶುದ್ಧವಾಗಲಿ ಎಂದ ವ್ಯಾಪಾರಿ. ನವಾಬನಿಗೆ ಸುಖನಿದ್ದೆಗೇನೂ ಕೊರತೆಯಾಗಲಿಲ್ಲ.

ಒಂದು ಶುಕ್ರವಾರ ಅವರು ಕತ್ತಿಗಳನ್ನು ಮಸೀದಿಯ ಮೂಲೆಯಲ್ಲಿ ರಾಶಿ ಹಾಕಿದರು. ಪಿಂಜಾರ ಕತ್ತಿ ಹಿಡಿದು ಕಾವಲಿಗೆ ನಿಂತ. ನಮ್ಮವನಲ್ಲ ಎನಿಸಿಕೊಂಡ ಇಮಾಮನೂ ಎಂದಿನಂತೆ ನಮಾಜಿಗೆ ಬಂದು ನಿಂತಿದ್ದ. ದಿಕ್ಕನ್ನು ಇನ್ನೊಮ್ಮೆ ನೋಡೋಣವೆಂದು ವ್ಯಾಪಾರಿ ದಿಕ್ಸೂಚಿಯನ್ನು ಆ ರಾಶಿಯ ಮಗ್ಗುಲಲ್ಲೇ ಇಟ್ಟ. ಮುಳ್ಳು ಅಲ್ಲಾಡಿತು, ಹೊರಳಿತು, ರಾಶಿಯ ಕಡೆಗೆ ತಿರುಗಿ ನಿಂತಿತು. ಕಬ್ಬಿಣ ಮುಳ್ಳನ್ನು ಎಳೆಯುತ್ತದೆ ಎಂದು ವ್ಯಾಪಾರಿಗೆ ಗೊತ್ತಿರಲಿಲ್ಲ ಎಂದೇನಲ್ಲ. ತನ್ನ ಕತ್ತಿಯೂ ಕಬ್ಬಿಣವೇ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಮುಳ್ಳು ತಿರುಗಿದಷ್ಟೇ ನೀವೂ ತಿರುಗಿ ಎಂದು ಎಲ್ಲರಿಗೂ ಹೇಳಿದ. ಎಲ್ಲರೂ ತಿರುಗಿದರು. ಇಮಾಮ ತಿರುಗಲಿಲ್ಲ.

"ತಿರುಗು," ಎಂದ ಪಿಂಜಾರ.

"ಇದು ನೀವೇ ತೋರಿಸಿದ ದಿಕ್ಕು ಮಗೂ," ಎಂದ ಇಮಾಮ. "ಸರಿಯಾಗಿತ್ತು, ತಿರುಗಿದೆ. ಇನ್ನು ಎಷ್ಟು ಸಲ ತಿರುಗಲಿ?"

ವ್ಯಾಪಾರಿ ಪಿಂಜಾರನ ಕಡೆ ನೋಡಿದ. ಪಿಂಜಾರ ಕತ್ತಿಯ ತುದಿಯಿಂದ ಮುದುಕನ ರುಮಾಲನ್ನು ಎತ್ತಿ ನೆಲಕ್ಕೆ ಕೆಡವಿದ. ಹೆದರಿಸಬೇಕು ಎಂದಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಮುದುಕ ಬಗ್ಗಿ ರುಮಾಲು ಎತ್ತಿಕೊಂಡ. ಕೊಡವಿ ತಲೆಗೆ ಸುತ್ತಿಕೊಂಡ. ಮೊದಲಿನಂತೆಯೇ ನಿಂತ. ಸಲಾಮು ಮಾಡಲಿಲ್ಲ.

ಪಿಂಜಾರನಿಗೆ ತಡೆಯಲಾಗದೆ ಹೋದದ್ದು ಅದೊಂದೇ. ತಾನು ಮಾಡಿದ್ದ ಸಲಾಮನ್ನು ಈ ಮುದುಕ ಮಾಡಲಿಲ್ಲ. ಕತ್ತಿ ಬೀಸಿದ.

ಉಳಿದವರು ರಾಶಿಯಿಂದ ತಂತಮ್ಮ ಕತ್ತಿ ಎತ್ತಿಕೊಂಡು ಬೀದಿಗೆ ಇಳಿದರು. ತಿರುಗದವರ ಮನೆಗಳು ಊರಿನಲ್ಲಿ ಇನ್ನೂ ಇದ್ದವು. ಪಿಂಜಾರ ಅವರ ಹಿಂದೆ ಹೋಗಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಬಾಗಿಲಾಚೆ ಎಸೆದು ಹೆಣದ ಪಕ್ಕದಲ್ಲಿ ಕುಸಿದು ಕೂತ. ದಿಕ್ಸೂಚಿ ನೆಲದ ಮೇಲೇ ಉಳಿದಿತ್ತು. ಒಳಗೆ ಈಗ ಕಬ್ಬಿಣವಿರಲಿಲ್ಲ. ಮುಳ್ಳು ಮೆಲ್ಲಗೆ ಹಿಂದಕ್ಕೆ ಬಂದು ತನ್ನ ಮೊದಲಿನ ಜಾಗದಲ್ಲಿ ನಿಂತಿತು. ಮುದುಕ ಮುಖ ಮಾಡಿದ್ದ ದಿಕ್ಕೇ ಸರಿಯಾಗಿತ್ತು.

ಪಿಂಜಾರನಿಗೆ ನಾಚಿಕೆಯಾಯಿತು. ಮುದುಕನ ರುಮಾಲಿನಿಂದಲೇ ಅವನ ಮುಖ ಮುಚ್ಚಿದ, ತನ್ನ ಮುಖ ಮುಚ್ಚಿಕೊಳ್ಳಲು ಏನೂ ಸಿಗಲಿಲ್ಲ. ಕೋಟೆ ಬಾಗಿಲಲ್ಲಿ ತನಗಾದದ್ದು ನಾಚಿಕೆಯೇ ಅಲ್ಲ ಎಂದು ಅವನಿಗೆ ಅವತ್ತು ತಿಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ದಸ್ತಗೀರ ಚಾಪೆಯ ಎಳೆಯನ್ನು ಪೂರ್ತಿ ಕಿತ್ತುಬಿಟ್ಟಿದ್ದ. ಅದನ್ನು ಬೆರಳಿಗೆ ಸುತ್ತಿಕೊಂಡ. ಮನಸ್ಸು ತಡೆಯಲಿಲ್ಲ.

"ಹಾಗಾದರೆ ಆ ಪಿಂಜಾರ ನಮ್ಮವನಲ್ಲ. ಅಲ್ಲವೇ ಹಜರತ್?"

ಗುರುಗಳು ಅವನ ಮುಖವನ್ನೇ ನೋಡಿದರು.

"ಅದಿರಲಿ ದಸ್ತಗೀರ, ಇವತ್ತು ಬೆಳಿಗ್ಗೆ ಮಕ್ತುಮಸಾಬನ ಪಕ್ಕದಲ್ಲಿ ನೀನು ಬಿಟ್ಟ ಜಾಗದಲ್ಲಿ ಯಾರು ಬಂದು ನಿಂತಿದ್ದರು?"