ತಣ್ಣಗಿರಬೇಕಾದ ಕೋಣೆ

ಇದನ್ನ ಯಾರಿಗೂ ಹೇಳಬೇಡ ಅಂತ ಚಿಕ್ಕಮ್ಮ ನನ್ನ ಹತ್ರ ಭಾಷೆ ತಗೊಂಡಿದ್ಲು. ಅವತ್ತು ಮಿಷನ್ನುಗಳು ತಾವಾಗೇ ಕೆಟ್ಟು ನಿಂತ್ವು ಅಂತ ಆಶ್ರಮದಲ್ಲಿ ಇವತ್ತಿಗೂ ಎಲ್ಲರೂ ನಂಬಿದಾರೆ. ಹಾಗಲ್ಲ. ನಾನು ಕಥೆ ಹೇಳ್ತಿರೋದು ಇದೇ ಮೊದಲು, ತಡವರಿಸಿದ್ರೆ ಬೇಜಾರ್ ಮಾಡ್ಕೋಬೇಡಿ.

ಚಿಕ್ಕಮ್ಮನ ಹೆಸರು ಶಿವಮಲ್ಲಿ. ಆಗ ಅವಳಿಗೆ ಇಪ್ಪತ್ತೆರಡು. ಹೊಳೆದಂಡೆ ಆಶ್ರಮದಲ್ಲಿ ರುದ್ರಾಣಮ್ಮೋರ ಶಿಷ್ಯೆ. ಅಮ್ಮೋರು ಅಲ್ಲಿಗೆ ಬರೋಕೆ ಮುಂಚೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಮಾಡಿದ್ದೋರು. ಮಾತು ಕಮ್ಮಿ.

ಅಡುಗೆಮನೆ ಹಿಂದಿನ ಕಲ್ಲುಕೋಣೇಲಿ ಹನ್ನೆರಡು ಸರ್ವರ್ ಇದ್ವು. ಅವನ್ನ ನೋಡ್ಕೊಳ್ಳೋದೇ ಇವರಿಬ್ಬರ ಸೇವೆ.

ಅದರಲ್ಲಿ ಹನ್ನೊಂದು ಸರ್ವರ್, ಆಶ್ರಮದ ಪ್ರವಚನ, ಫೋಟೊ, ಪುಸ್ತಕ, ಹಾಡು ಇವಕ್ಕೆ. ಒಂದು ಮಾತ್ರ ಹೊಳೇಲಿ ಇರೋ ಜನಕ್ಕೆ. ಮೇಲಿನ ಅಣೆಕಟ್ಟೆಯೋರು ನೀರು ಬಿಡೋ ಮುಂಚೆ ಆ ಮಿಷನ್ನು ಫೋನ್ ಮಾಡ್ತಿತ್ತು, ದಡಕ್ಕೆ ಬನ್ನಿ ಅಂತ. ಮರಳ ಮೇಲೆ ಕಲ್ಲಂಗಡಿ ಹಾಕಿದೋರು, ಬಟ್ಟೆ ಒಗೆಯೋರು, ಎಮ್ಮೆ ಮೈ ತೊಳೆಯೋರು, ಎಲ್ಲ ಸೇರಿ ನಾನೂರು ಜನ.

ಅವತ್ತು ನಾಲ್ಕು ಗಂಟೆಗೆ ನೀರು ಬಿಡೋದಿತ್ತು. ಎರಡೂವರೆಗೆ ಕರೆಂಟು ಹೋಯ್ತು.

ಬ್ಯಾಟರಿ ಇತ್ತು, ಸರ್ವರ್‌ಗಳು ನಿಲ್ಲಲಿಲ್ಲ. ನಿಂತಿದ್ದು ಏಸಿ. ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯ್ತು. ಮೆಕ್ಯಾನಿಕ್ಕು ಪೇಟೆಯಿಂದ ಬರಬೇಕು.

ಗೋಡೆ ಮೇಲಿನ ಮೀಟರು ಇಪ್ಪತ್ಮೂರು ಡಿಗ್ರಿಯಿಂದ ಇಪ್ಪತ್ತೊಂಬತ್ತಕ್ಕೆ ಹತ್ತಿತು. ನಲವತ್ತು ಮುಟ್ಟಿದ್ರೆ ಎಲ್ಲಾ ಸರ್ವರ್ರೂ ತಾವಾಗೇ ಆಫ್ ಆಗ್ತವೆ.

ಮಲ್ಲಿ ಓಡಿದ್ಲು. ಒದ್ದೆ ಬಟ್ಟೆ ತಂದು ಗೋಡೆ ತುಂಬಾ ನೇತುಹಾಕಿದ್ಲು. ಮತ್ತೆ ಓಡಿ ಐಸ್ ತಂದ್ಲು. ಮತ್ತೆ ಓಡಿ ಬೀಸಣಿಗೆ ತಂದು ಬೀಸಿದ್ಲು.

ಮೂವತ್ತೆರಡು.

ಅಮ್ಮೋರು ಮೂಲೇಲಿ ಕಾಲು ಮಡಚಿ ಕೂತಿದ್ರು.

"ಅಮ್ಮೋರೇ, ಏನಾದ್ರೂ ಹೇಳಿ!"

"ಏನ್ ಮಾಡ್ತಿದೀಯ ಮಗಾ?"

"ತಣ್ಣಗೆ ಮಾಡ್ತಿದೀನಿ."

"ಹನ್ನೆರಡು ಒಲೆ ಉರಿಯೋಕೆ ಬಿಟ್ಟು?"

ಅಮ್ಮೋರು ಎದ್ದು ಬಂದು ಅವಳ ಅಂಗೈನ ಒಂದು ಸರ್ವರಿನ ಹಿಂದಕ್ಕೆ ಹಿಡಿದ್ರು. ಬಿಸಿಗಾಳಿ ರಪ್ಪಂತ ಹೊಡೀತು.

ಮಲ್ಲಿಗೆ ಗೊತ್ತಾಯ್ತು. ಫೋಟೊದ್ದು ಆಫ್ ಮಾಡಿದ್ಲು. ಪುಸ್ತಕದ್ದು. ಹಳೇ ಪ್ರವಚನದ್ದು.

ಯಾರೋ ಬಾಗಿಲು ಬಡಿದ್ರು. ಅಡುಗೆ ಸಿದ್ದಮ್ಮ.

"ಕರೆಂಟು ಯಾವಾಗ ಬರುತ್ತೆ ಮಲ್ಲಿ? ಕಾಯಿ ರುಬ್ಬಬೇಕಿತ್ತು."

ಮಲ್ಲಿ ಬಾಗಿಲು ತೆಗೆದು ಗೊತ್ತಿಲ್ಲ ಅಂದ್ಲು. ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು. ಅದೂ ಒಳಗೆ ಬಂತು.

ಮತ್ತೆ ಯಾರೋ ಬಡಿದ್ರು. ಮ್ಯಾನೇಜರ್ ಪರ್ವತಪ್ಪ.

"ಹೆಂಗಿದೆ ಒಳಗೆ?"

ಮಲ್ಲಿ ಮತ್ತೆ ಬಾಗಿಲು ತೆಗೆದು ಹೆಂಗಿದೆ ಅಂತ ಹೇಳಿದ್ಲು. ಹೇಳಿ ಮುಗಿಸೋ ಹೊತ್ತಿಗೆ ಒಳಗೆ ಹಂಗಿರಲಿಲ್ಲ. ಮೂವತ್ತಾರು.

"ಕೇಳಿದ್ದಕ್ಕೆ ಹೇಳ್ದಿದ್ರೆ ಬೇಜಾರ್ ಮಾಡ್ಕೋತಾರೆ ಅಮ್ಮೋರೇ."

"ಮಾಡ್ಕೋತಾರೆ," ಅಂದ್ರು ಅಮ್ಮೋರು.

ಒಂಬತ್ತು ಆಫ್ ಆದ್ವು. ಹತ್ತನೇದರ ಮುಂದೆ ಮಲ್ಲಿ ನಿಂತುಬಿಟ್ಲು. ಅದು ಅವಳದ್ದು. ಊರೂರು ಸುತ್ತಿ ಅಜ್ಜಿಯರ ಹತ್ರ ಹಾಡಿಸಿ ತಂದ ಸೋಬಾನೆ ಪದಗಳು. ಆ ಮಿಷನ್ನು ಒಂಬತ್ತು ದಿನದಿಂದ ಅವನ್ನ ಕೇಳಿಸ್ಕೊಂಡು ಬರ್ಕೊಳ್ತಾ ಇತ್ತು.

"ಇದೊಂದು ಇರಲಿ ಅಮ್ಮೋರೇ. ಈಗ ನಿಲ್ಲಿಸಿದ್ರೆ ಮತ್ತೆ ಮೊದಲಿಂದ."

ಅಮ್ಮೋರು ಅದರ ಹಿಂದೆ ಕೈ ಇಟ್ಟು ನೋಡಿದ್ರು.

"ಇದೇನು, ಇದೂ ಬಿಸಿಯಾಗೇ ಇದೆ. ಅಜ್ಜಿಯರ ಹಾಡಲ್ವಾ, ತಣ್ಣಗಿರುತ್ತೇನೋ ಅಂದ್ಕೊಂಡೆ."

ಮಲ್ಲಿ ಆ ಕಡೆ ಮುಖ ತಿರುಗಿಸ್ಕೊಂಡು ಆಫ್ ಮಾಡಿದ್ಲು. ಕಣ್ಣು ಒರೆಸ್ಕೊಳ್ಳೋಕೂ ಪುರಸೊತ್ತಿರಲಿಲ್ಲ. ಮೂವತ್ತೇಳು.

ಹನ್ನೊಂದನೇದು ದೊಡ್ಡ ಗುರುಗಳ ಪ್ರವಚನನ ಲೈವ್ ಕಳಿಸೋದು. ಸಭಾಂಗಣದಲ್ಲಿ ಇನ್ವರ್ಟರ್ ಮೇಲೆ ನಡೀತಿತ್ತು. ಊರೂರಲ್ಲಿ ಜನ ಟಿವಿ ಮುಂದೆ ಕೂತು ನೋಡ್ತಿದ್ರು.

"ಇದು ನಿಮ್ಮ ಗುರುಗಳದ್ದು ಅಮ್ಮೋರೇ."

"ಹೂಂ."

"ಮಾತಿನ ಮಧ್ಯದಲ್ಲಿದ್ದಾರೆ."

"ಹೂಂ."

ಮೂವತ್ತೆಂಟು.

"ನಿಲ್ಲಿಸ್ಲಾ?"

"ನನ್ನ ಕೈ ಇಲ್ಲಿದೆ," ಅಂತ ಅಮ್ಮೋರು ಕೂತು ಕೈನ ಮಡಿಲಲ್ಲಿ ಇಟ್ಕೊಂಡ್ರು. "ನಿನ್ನ ಕೈ ಎಲ್ಲಿದೆ?"

ಮಲ್ಲಿಯ ಕೈ ಸ್ವಿಚ್ಚಿನ ಮೇಲೇ ಇತ್ತು. ಒತ್ತಿದ್ಲು.

ಕೋಣೇಲಿ ಒಂದೇ ಒಂದು ಹಸಿರು ದೀಪ ಉಳೀತು. ಮೂರೂ ಕಾಲಿಗೆ ಫೋನು ಹೋಗೋಕೆ ಶುರುವಾಯ್ತು. ಪರದೆ ಮೇಲೆ ಲೆಕ್ಕ ಓಡ್ತಿತ್ತು. ಆರು. ಹದಿನಾಲ್ಕು. ಇಪ್ಪತ್ತೊಂದು. ನಾನೂರೂ ಮುಗಿಯೋಕೆ ನಲವತ್ತು ನಿಮಿಷ ಬೇಕು.

ಮೀಟರು ಮೂವತ್ತೊಂಬತ್ತಕ್ಕೆ ಹೋಗಿ ನಿಂತ್ಕೊಂಡಿತು. ಮಲ್ಲಿ ಕೂತ್ಲು, ಎದ್ಲು, ಮತ್ತೆ ಕೂತ್ಲು.

ಧಡ್ ಧಡ್ ಧಡ್.

"ಮಲ್ಲೀ! ಪ್ರವಚನ ಅರ್ಧಕ್ಕೆ ನಿಂತೋಗಿದೆ! ಒಳಗೇನು ನಿದ್ದೆ ಹೊಡೀತಿದೀರಾ? ತೆಗಿಯಮ್ಮಾ!"

ಪರ್ವತಪ್ಪನ ದನಿ. ಅವನ ಹಿಂದೆ ಇನ್ನೂ ನಾಲ್ಕೈದು ದನಿ.

"ಸ್ವಲ್ಪ ತಡೀರಿ ಅಣ್ಣಾ!" ಅಂತ ಮಲ್ಲಿ ಒಳಗಿಂದಲೇ ಕೂಗಿದ್ಲು.

"ಏನು? ಕೇಳಿಸ್ತಿಲ್ಲ! ಮೊದಲು ಬಾಗಿಲು ತೆಗಿ!"

ನೂರ ಹನ್ನೆರಡು. ನೂರ ಹದಿನೆಂಟು.

ಮಲ್ಲಿ ಚಿಲಕದ ಹತ್ರ ಹೋದ್ಲು.

"ಒಂದೇ ನಿಮಿಷ ಅಮ್ಮೋರೇ. ಇಷ್ಟೇ ಇಷ್ಟು ತೆಗೆದು ಹೇಳಿಬಿಡ್ತೀನಿ."

ಅಮ್ಮೋರು ಕೂತಲ್ಲಿಂದಲೇ ಅವಳ ಸೆರಗು ಹಿಡ್ಕೊಂಡ್ರು.

ಬಾಗಿಲು ಮತ್ತೆ ಬಡಿದ್ರು. ಈ ಸಲ ಎರಡೂ ಕೈಯಲ್ಲಿ. ಯಾರೂ ತೆಗೀಲಿಲ್ಲ.

"ಎಷ್ಟೊಂದು ಬಡೀತಿದಾರೆ ಅಮ್ಮೋರೇ."

"ಹೊಳೇಲಿ ನಿಂತಿರೋರು ಯಾರೂ ಬಡೀತಿಲ್ಲ ಮಗಾ."