ಕೌದಿಯ ನಡುವಿನ ಪೀಠ

ಹೆಂಗಸರು ಸೇರಿ ಹಳೇ ಸೀರೆಗಳನ್ನು ಪದರ ಹಾಕಿ ಹೊದಿಕೆ ಹೊಲಿಯುವ ಬಾಳವ್ವನ ಕೌದಿ ಸಂಘದಲ್ಲಿ ತಿಂಗಳಿಗೊಬ್ಬ ಅತಿಥಿಯ ಭಾಷಣ. ಈ ಸಲ ಬಂದವರು ನಿವೃತ್ತ ಪ್ರಾಚಾರ್ಯ ಹೊಳೆಯಣ್ಣವರ ಸಾಹೇಬರು. ಹೋದ ವರ್ಷ ಮಧ್ಯಾಹ್ನ ಬಾಯಿ ತೆಗೆದವರು ದೀಪ ಹಚ್ಚುವ ಹೊತ್ತಿಗೇ ಮುಚ್ಚಿದ್ದು. ಇವತ್ತಂತೂ ಸಂಜೆ ಬಸ್ಸಿಗೆ ಗಂಡನ ಮನೆಗೆ ಹೊರಟ ಹುಡುಗಿಯ ಕೌದಿ ಮುಗಿಯಲೇಬೇಕು. ಅಂಚಿನಿಂದ ಸುತ್ತ ಹೊಲಿಯುತ್ತ ಬಂದು, ನಡುವೆ ಒಂದಿಷ್ಟು ಜಾಗ ಮಾತ್ರ ಉಳಿದಿತ್ತು.

"ನನಗೆ ಎಲ್ಲರಿಗಿಂತ ದೊಡ್ಡ ಪೀಠ ಬೇಕು," ಅಂದರು ಸಾಹೇಬರು. ಕೈಯಲ್ಲಿ ಭಾಷಣದ ದಪ್ಪ ಕಟ್ಟು.

"ಕೌದಿ ನಡುವಿಗಿಂತ ದೊಡ್ಡ ಪೀಠ ನಮ್ಮಲ್ಲಿಲ್ರೀ ಸಾಹೇಬ್ರ," ಅಂದಳು ಬಾಳವ್ವ. "ಅಲ್ಲೇ ಕುಂದರ್ರಿ. ನಾವು ಸುತ್ತ ಕುಂತು ಹೊಲೀತಾ ಕೇಳ್ತೀವಿ."

ಸಾಹೇಬರು ಉಬ್ಬಿಹೋದರು. ಚಕ್ಕಳಮಕ್ಕಳ ಹಾಕಿ ಕೂತು ಶುರುಮಾಡಿದರು. ಬಾಳವ್ವ ಕಣ್ಣು ಮಿಟುಕಿಸಿದ್ದೇ ತಡ, ಸೂಜಿಗಳು ಓಡತೊಡಗಿದವು. ಮೊದಲ ಪುಟ ಮುಗಿಯುವಷ್ಟರಲ್ಲಿ ಹೊಲಿಗೆ ಸಾಹೇಬರ ಮೊಣಕಾಲಿಗೆ ಬಂತು. ಕಾಲು ಮಡಚಿಕೊಂಡರು. ಮತ್ತೂ ಹತ್ತಿರ ಬಂತು. ಕುಕ್ಕರಗಾಲಲ್ಲಿ ಕೂತರು. ಆಮೇಲೆ ಎದ್ದೇ ನಿಂತರು. ಪೀಠ ಬಿಡಲು ಮಾತ್ರ ಮನಸ್ಸಿಲ್ಲ. ಕೊನೆಗೆ ಒಂಟಿಗಾಲಿನ ಮೇಲೆ ನಿಂತು ಓದುತ್ತಿದ್ದರು.

"ಸಾಹೇಬ್ರ, ಆ ಕಾಲೂ ಎತ್ತಿದ್ರ ಕಡೇ ಹೊಲಿಗಿ ಹಾಕ್ತೀನ್ರಿ."

ಸಾಹೇಬರು ನೆಲಕ್ಕೆ ಹಾರಿದರು. ಬಾಳವ್ವ ಗಂಟು ಹಾಕಿ ದಾರ ಕಡಿದಳು. ಚಪ್ಪಾಳೆಯೋ ಚಪ್ಪಾಳೆ. ಅದು ತಮಗೇ ಎಂದು ಸಾಹೇಬರು ಕೈಮುಗಿದರು. ಹೆಂಗಸರು ಕೌದಿ ಮಡಚಿಕೊಂಡು ಎದ್ದೇಬಿಟ್ಟರು.

"ಇನ್ನೂ ಅರ್ಧ ಭಾಷಣ ಉಳಿದೈತಲ್ಲ?" ಅಂದರು ಸಾಹೇಬರು.

"ಮುಂದಿನ ತಿಂಗಳು ಬರ್ರಿ, ಪೀಠ ತಯಾರ್ ಇರ್ತೈತಿ," ಅಂದಳು ಬಾಳವ್ವ. "ಕೂಸಿನ ತೊಟ್ಟಿಲಿಗೆ ಹಾಸೋ ಕೌದಿ ಹೊಲಿಯೋದೈತಿ."