ಧೂಳಿನ ಕಣದ ಮಹಾಶೂನ್ಯ

ದೂರದರ್ಶಕದ ಕ್ಯಾಮೆರಾ ಗಾಜಿಗೆ ಒಂದು ಧೂಳಿನ ಕಣ ಅಂಟಿತ್ತು. ಅದರ ನೆರಳು ಬಿದ್ದ ಕಡೆ ಒಂದು ಗೆಲಾಕ್ಸಿಯೂ ಕಾಣದೆ, ಸಂಶೋಧಕಿ ಇಂದುಮತಿ ತನ್ನ ನಕ್ಷೆಯಲ್ಲಿ ಆ ಜಾಗಕ್ಕೆ ‘ಮಹಾಶೂನ್ಯ’ ಎಂದು ಹೆಸರಿಟ್ಟಿದ್ದಳು. ಅಂದಿನಿಂದ ಕಣಕ್ಕೆ ಹೆಮ್ಮೆಗಿಂತ ಸಿಕ್ಕಿಬೀಳುವ ದಿಗಿಲೇ ಹೆಚ್ಚು.

ಒಂದು ಸಂಜೆ ಇಂದುಮತಿ ದೂರದರ್ಶಕದ ಮುಂದೆ ಬಿಳಿ ಪರದೆ ಇಳಿಬಿಟ್ಟಳು. ಕಣ ತಾನು ಅಂಟಿದ್ದ ಗಾಜನ್ನು ಕೇಳಿತು:

“ಗಾಜಣ್ಣ, ಆಕಾಶವನ್ನೇಕೆ ಮುಚ್ಚಿದರು?”

“ಆಕಾಶವಿಲ್ಲದಾಗಲೂ ಏನು ಕಾಣುತ್ತದೆಂದು ನೋಡಲಿಕ್ಕೆ. ಬೇಗ ಅಂಚಿಗೆ ಸರಿದುಬಿಡು, ತಮ್ಮಾ.”

“ಸರಿದರೆ ನಕ್ಷೆಯಲ್ಲಿ ನನ್ನ ಹೆಸರು ಅಳಿದುಹೋದೀತು!” ಎಂದು ಕಣ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡು ಕೂತಿತು.

ಚಿತ್ರ ಬಂತು. ಬಿಳಿ ಪರದೆಯ ಮೇಲೂ ಅದೇ ಮಹಾಶೂನ್ಯ! ಇಂದುಮತಿ ಹಣೆ ಚಚ್ಚಿಕೊಂಡು ಗಾಳಿಪಂಪು ಒತ್ತಿದಳು, ಕಣ ಹಾರಿಹೋಯಿತು.

ಪರದೆ ಎತ್ತಿ ತೆಗೆದ ಚಿತ್ರದಲ್ಲಿ ಆ ಜಾಗದ ತುಂಬ ಗೆಲಾಕ್ಸಿಗಳು ಗಿಜಿಗುಡುತ್ತಿದ್ದವು.